ಗದ್ದೆಗೆ ಮೊದಲು, ಬಿಂದಿಗೆಗೆ ಆಮೇಲೆ

ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಪಶ್ಚಿಮಘಟ್ಟದ ಬುಡದಲ್ಲಿ ತೇವಾರಂ ಎಂಬ ಪಟ್ಟಣವಿದೆ. ಅದರ ಒಂದು ಮಗ್ಗುಲಿಗೆ ಕೋಂಬೈ ಮತ್ತು ಪಣ್ಣೈಪುರಂ, ಇನ್ನೊಂದು ಮಗ್ಗುಲಿಗೆ ಬೋಡಿನಾಯಕನೂರು. ಪಣ್ಣೈಪುರಂ ಇಳಯರಾಜಾ ಹುಟ್ಟಿದ ಊರು ಎಂದರೆ ನಮ್ಮವರಿಗೆ ಬೇಗ ಗುರುತು ಹತ್ತೀತು. ಇಲ್ಲಿಂದ ಕಂಬಂವರೆಗಿನ ಕಣಿವೆಯಲ್ಲಿ ಕನ್ನಡ ಮನೆಮಾತಿನ ಒಕ್ಕಲಿಗರು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದಿದ್ದಾರೆ. ಸುತ್ತಲಿನ ತಮಿಳರಿಗೆ ಅವರು ಕಾಪ್ಪಿಲಿಯರು. 1909ರಲ್ಲಿ ಪ್ರಕಟವಾದ ತನ್ನ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಎಡ್ಗರ್ ಥರ್ಸ್ಟನ್ ಇವರನ್ನು ಕನ್ನಡದ ಬೇಸಾಯಗಾರರೆಂದೇ ದಾಖಲಿಸಿದ್ದಾನೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕಂಬಂನ ನಂದಗೋಪಾಲ ಗುಡಿಯಲ್ಲಿ ಈ ಸಮುದಾಯದವರು ದೇವರಿಗೆ ಬಿಟ್ಟ ದನಗಳ ಹಿಂಡನ್ನೇ ಸಾಕುತ್ತಾರೆ.

ದನ, ಹೊಲ, ಬಾವಿ ನಂಬಿದ ಇಂಥವರಿಗೆ ನೀರೇ ಬದುಕು. ಈ ಕಣಿವೆಯ ಹೆಸರು ಲೋಕಕ್ಕೆಲ್ಲ ಗೊತ್ತಾದದ್ದೂ ನೀರಿನಿಂದಲೇ. ಪಶ್ಚಿಮಕ್ಕೆ ಹರಿಯುತ್ತಿದ್ದ ಪೆರಿಯಾರ್ ನದಿಗೆ ಕಟ್ಟೆ ಹಾಕಿ, ಬೆಟ್ಟ ಕೊರೆದು, ನೀರನ್ನು ಪೂರ್ವಕ್ಕೆ ತಿರುಗಿಸಿದ ಮುಲ್ಲಪೆರಿಯಾರ್ ಯೋಜನೆಯ ಮೊದಲ ಫಲಾನುಭವಿಗಳು ಇವರು. ಆ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಪಕ್ಕದಲ್ಲೇ ಇನ್ನೊಂದು ಕಥೆಯಿದೆ: ಗದ್ದೆಗೆ 1895ರಲ್ಲೇ ಬಂದ ನೀರು, ಕುಡಿಯಲು ಯೋಗ್ಯವಾಗಿ ಮನೆಯ ಬಿಂದಿಗೆಗೆ ಬರಲು ಎಷ್ಟು ಕಾಲ ಹಿಡಿಯಿತು, ಯಾಕೆ ಹಿಡಿಯಿತು ಎಂಬುದು.

ರಾಮನಾಥಪುರದ ಕನಸು

ಪೆರಿಯಾರ್ ಹುಟ್ಟುವುದು ಶಿವಗಿರಿ ಬೆಟ್ಟಗಳಲ್ಲಿ, ಸೇರುವುದು ಅರಬ್ಬಿ ಸಮುದ್ರವನ್ನು. ಘಟ್ಟದ ಆಚೆಗೆ ಮುಂಗಾರು ಧೋ ಎಂದು ಸುರಿಯುವಾಗ ಈಚೆಗಿನ ಮದುರೆ, ರಾಮನಾಥಪುರ ಸೀಮೆಗಳು ಮಳೆನೆರಳಿನಲ್ಲಿ ಬಾಯಿಬಿಟ್ಟುಕೊಂಡಿರುತ್ತವೆ. ಈ ಸೀಮೆಯ ನದಿ ವೈಗೈ. ವರ್ಷದ ಬಹುಪಾಲು ಅದರಲ್ಲಿ ನೀರಿಗಿಂತ ಮರಳೇ ಹೆಚ್ಚು. ಆಚೆಯ ನೀರನ್ನು ಈಚೆಗೆ ತರಬಹುದೇ ಎಂದು ಮೊದಲು ಕೇಳಿದವನು ಬ್ರಿಟಿಷ್ ಎಂಜಿನಿಯರ್ ಅಲ್ಲ. 1789ರಲ್ಲಿ ರಾಮನಾಥಪುರದ ಅರಸ ಸೇತುಪತಿಯ ಪ್ರಧಾನಿಯಾಗಿದ್ದ ಮುತ್ತುಇರುಳಪ್ಪ ಪಿಳ್ಳೈ, 12 ಮಂದಿ ತಿಳಿದವರನ್ನು ಬೆಟ್ಟ ಹತ್ತಿಸಿ ಜಾಗ ನೋಡಿಸಿದ. ಆಗುವ ಕೆಲಸ ಎಂದು ಅವರು ಬಂದು ಹೇಳಿದರು. ಖಜಾನೆಯಲ್ಲಿ ದುಡ್ಡಿರಲಿಲ್ಲ.

ಕಂಪನಿ ಸರ್ಕಾರ ಬಂದ ಮೇಲೆ 1808ರಲ್ಲಿ ಕ್ಯಾಪ್ಟನ್ ಜೇಮ್ಸ್ ಕಾಲ್ಡ್‌ವೆಲ್ ಅದೇ ಜಾಗವನ್ನು ಪರಿಶೀಲಿಸಿ, ಇದು ಬರೀ ಭ್ರಮೆ, ಮುಂದೆ ಯೋಚಿಸಲೂ ಲಾಯಕ್ಕಿಲ್ಲ ಎಂಬ ಅರ್ಥದ ವರದಿ ಕೊಟ್ಟ. 1850ರಲ್ಲಿ ಕ್ಯಾಪ್ಟನ್ ಫೇಬರ್ ಒಂದು ಚಿಕ್ಕ ಒಡ್ಡು ಕಟ್ಟಲು ಹೊರಟ. ಕಾಡಿನ ಜ್ವರಕ್ಕೆ ಹೆದರಿದ ಕೂಲಿಗಳು ಹೆಚ್ಚು ಕೂಲಿ ಕೇಳಿದರು, ಕೆಲಸ ನಿಂತಿತು. 1860ರ ದಶಕದಲ್ಲಿ ರೈವ್ಸ್ ಮಣ್ಣಿನ ಅಣೆಕಟ್ಟೆಯ ನಕ್ಷೆ ಬರೆದ, ಆಮೇಲೆ ಸ್ಮಿತ್ ಅದನ್ನು ತಿದ್ದಿದ. ಕಡತಗಳು ದಪ್ಪವಾದವೇ ವಿನಾ ಒಂದು ಕಲ್ಲೂ ಕೂರಲಿಲ್ಲ.

ಆಮೇಲೆ ಬಂತು ಧಾತು ಸಂವತ್ಸರದ ಬರ. ಮೈಸೂರು ಸೀಮೆಯ ಅಜ್ಜಿಯರು ‘ಧಾತು ಈಶ್ವರ ಬರ’ ಎಂದು ಹೇಳುತ್ತಿದ್ದದ್ದು ಇದನ್ನೇ. ತಮಿಳರಿಗೂ ಅದು ಧಾತು ವರ್ಷದ ‘ಪಂಜಂ’, ಅಂದರೆ ಬರವೇ. 1876ರಿಂದ 1878ರವರೆಗೆ ಮದ್ರಾಸ್ ಪ್ರಾಂತ್ಯ, ಮೈಸೂರು, ಹೈದರಾಬಾದ್, ಮುಂಬಯಿ ಸೀಮೆಗಳನ್ನು ಅದು ಹಿಂಡಿಹಾಕಿತು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಇಲ್ಲವಾದರು. ಸತ್ತವರೆಲ್ಲ ಹಸಿವಿನಿಂದಲೇ ಸತ್ತವರಲ್ಲ. ಗಂಜಿ ಕೇಂದ್ರಗಳಲ್ಲಿ, ಕೂಲಿ ಶಿಬಿರಗಳಲ್ಲಿ ಒಂದೇ ಹೊಂಡದ ನೀರು ಕುಡಿದ ಸಾವಿರಾರು ಮಂದಿಯನ್ನು ಕಾಲರಾ ಕೊಂಡೊಯ್ಯಿತು. ಅನ್ನವಿಲ್ಲದೆ ಬಂದವರು ನೀರು ಕುಡಿದು ಸತ್ತರು.

ಸರ್ಕಾರ ಈ ಬರದಿಂದ ಕಲಿತ ಪಾಠ ಒಂದೇ: ನೀರಾವರಿ ಬೇಕು. ಬೆಳೆ ಬಂದರೆ ಕಂದಾಯ ಬರುತ್ತದೆ, ಬರ ಬಂದಾಗ ಪರಿಹಾರದ ಖರ್ಚು ಉಳಿಯುತ್ತದೆ. ಪೆರಿಯಾರ್ ಕಡತ ಮತ್ತೆ ಮೇಜಿಗೆ ಬಂತು. 1882ರಲ್ಲಿ ಮೇಜರ್ ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರಿಗೆ ಅದನ್ನು ಹೊಸದಾಗಿ ರೂಪಿಸಲು ಹೇಳಿದರು.

ಬೆಟ್ಟದ ಒಳಗಿನ ದಾರಿ

ಅಣೆಕಟ್ಟು ಕಟ್ಟಬೇಕಾದ ಜಾಗ ತಿರುವಾಂಕೂರು ಸಂಸ್ಥಾನದ್ದು. 1886ರ ಅಕ್ಟೋಬರ್ 29ರಂದು ಗುತ್ತಿಗೆ ಪತ್ರಕ್ಕೆ ಸಹಿ ಬಿತ್ತು. ಅವಧಿ 999 ವರ್ಷ, ನೆಲ 8,000 ಎಕರೆ, ಬಾಡಿಗೆ ಎಕರೆಗೆ ವರ್ಷಕ್ಕೆ 5 ರೂಪಾಯಿ. ಇಂದಿಗೂ ಕೇರಳ-ತಮಿಳುನಾಡು ಜಗಳದ ಬೇರು ಈ ಕಾಗದದಲ್ಲೇ ಇದೆ. 1887ರಲ್ಲಿ ಕೆಲಸ ಶುರುವಾಯಿತು.

ಊಹಿಸಿಕೊಳ್ಳಿ: ರಸ್ತೆಯಿಲ್ಲ, ಊರಿಲ್ಲ, ಆನೆ ತಿರುಗುವ ಕಾಡು. ಸಾಮಾನೆಲ್ಲ ಕಣಿವೆಯಿಂದಲೇ ಹೋಗಬೇಕು. ಕಂಬಂ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದ ಸುಣ್ಣವನ್ನು ತಂತಿಹಗ್ಗದ ರೋಪ್‌ವೇಗೆ ಕಟ್ಟಿ ಘಟ್ಟದ ನೆತ್ತಿಗೆ ಏರಿಸಿದರು, ಅಲ್ಲಿಂದ ದೋಣಿಯಲ್ಲಿ ಸಾಗಿಸಿದರು. ಸಿಮೆಂಟಿನ ಕಾಲವಲ್ಲ ಅದು. ಸುಣ್ಣ, ಸುಟ್ಟ ಇಟ್ಟಿಗೆಯ ಪುಡಿ ಅಂದರೆ ಸುರ್ಕಿ, ಮರಳು ಬೆರೆಸಿ ಅರೆದ ಗಾರೆಗೆ ಜಲ್ಲಿ ಹಾಕಿ ಒಡಲು ತುಂಬಿದರು, ಹೊರಮೈಗೆ ಕಲ್ಲು ಕಟ್ಟಿದರು. ಮಳೆಗಾಲದಲ್ಲಿ ಪ್ರವಾಹ ಬಂದು ತಾತ್ಕಾಲಿಕ ಒಡ್ಡುಗಳು ಮತ್ತೆ ಮತ್ತೆ ಕೊಚ್ಚಿ ಹೋದವು. ಬೇಸಗೆ ಬಂದರೆ ಚಳಿಜ್ವರ. ನೂರಾರು ಕೂಲಿಗಳು ಮಲೇರಿಯಾಕ್ಕೂ ಕಾಲರಾಕ್ಕೂ ಬಲಿಯಾಗಿ ಅಲ್ಲೇ ಮಣ್ಣಾದರು. ಸಾವಿರಾರು ಎಕರೆಗೆ ನೀರು ಕೊಡಲು ದುಡಿದವರಿಗೆ ಕುಡಿಯಲು ಇದ್ದದ್ದು ಹಳ್ಳದ ನೀರು.

ಎಂಟು ವರ್ಷದ ಬಳಿಕ 1895ರ ಅಕ್ಟೋಬರಿನಲ್ಲಿ ಮದ್ರಾಸ್ ಗವರ್ನರ್ ಲಾರ್ಡ್ ವೆನ್‌ಲಾಕ್ ಯೋಜನೆಯನ್ನು ಉದ್ಘಾಟಿಸಿದ. 176 ಅಡಿ ಎತ್ತರ, ಸುಮಾರು 1,200 ಅಡಿ ಉದ್ದದ ಕಟ್ಟೆ. ಅದರ ಹಿಂದೆ ನಿಂತ ನೀರೇ ಇಂದು ಪ್ರವಾಸಿಗರು ದೋಣಿ ಏರುವ ತೇಕ್ಕಡಿಯ ಕೆರೆ. ಕೆರೆಯ ನೀರು 104 ಅಡಿ ಮಟ್ಟಕ್ಕಿಂತ ಮೇಲಿದ್ದಾಗ ಸುಮಾರು ಒಂದೂಮುಕ್ಕಾಲು ಕಿಲೋಮೀಟರ್ ಉದ್ದದ ಸುರಂಗದೊಳಗೆ ಹರಿದು, ಘಟ್ಟದ ಈಚೆಯ ವೈರವನಾರ್ ಹಳ್ಳಕ್ಕೆ ಬಿದ್ದು, ಸುರುಳಿ ಹೊಳೆ ಸೇರಿ, ವೈಗೈಗೆ ಇಳಿಯುತ್ತದೆ. ಪೇರಣೈ ಎಂಬಲ್ಲಿ ಅದನ್ನು ಮತ್ತೆ ತಡೆದು ಕಾಲುವೆಗೆ ತಿರುಗಿಸಿ ಮೇಲೂರಿನ ಗದ್ದೆಗಳಿಗೆ ಒಯ್ದರು. ಕಂಬಂ ಕಣಿವೆಯಲ್ಲಿ ಈ ನೀರಿನ ಹಕ್ಕಿರುವ ಗದ್ದೆ 14,707 ಎಕರೆ. ಅಲ್ಲಿ ವರ್ಷಕ್ಕೆ ಎರಡು ಭತ್ತದ ಬೆಳೆ.

ಕಣಿವೆಯ ಜನ ಪೆನ್ನಿಕ್ವಿಕ್ಕನನ್ನು ದೇವರ ಪಕ್ಕದಲ್ಲಿ ಕೂರಿಸಿದ್ದಾರೆ. ಜನವರಿ 15 ಅವನು ಹುಟ್ಟಿದ ದಿನ. ಸಂಕ್ರಾಂತಿಯ ಹೊತ್ತಿಗೇ ಬರುವುದರಿಂದ ಅವನ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ, ಮಕ್ಕಳಿಗೆ ಅವನ ಹೆಸರಿಡುತ್ತಾರೆ. 2013ರಲ್ಲಿ ಕಣಿವೆಯ ಲೋವರ್ ಕ್ಯಾಂಪ್ ಎಂಬಲ್ಲಿ ಸರ್ಕಾರವೇ ಸ್ಮಾರಕ ಕಟ್ಟಿತು. ದುಡ್ಡು ಸಾಲದಾದಾಗ ಹೆಂಡತಿಯ ಒಡವೆ, ಊರಿನ ಆಸ್ತಿ ಮಾರಿ ಅಣೆಕಟ್ಟು ಮುಗಿಸಿದ ಎಂಬುದು ಜನ ನಂಬಿಕೊಂಡು ಬಂದ ಮಾತು. ಆದರೆ ಯೋಜನೆಗೆ ಮದ್ರಾಸ್ ಸರ್ಕಾರ ಕೊಟ್ಟ ಹಣದ ಲೆಕ್ಕ ಸರ್ಕಾರಿ ದಾಖಲೆಗಳಲ್ಲಿದೆ. ಆಸ್ತಿ ಮಾರಿದ ಕಥೆ ಬಿಟ್ಟರೂ ಅವನ ಕೆಲಸದ ತೂಕ ಕಡಿಮೆಯಾಗುವುದಿಲ್ಲ.

ಕುಡಿಯುವ ನೀರು ಯಾರ ಪಾಲಿನದು?

ಇಷ್ಟು ದೊಡ್ಡ ಕೆಲಸ ಮಾಡಿದ ಸರ್ಕಾರ ಅದೇ ಕಣಿವೆಯ ಮನೆಮನೆಗೆ ಶುದ್ಧ ನೀರು ಕೊಡುವ ಯೋಚನೆ ಯಾಕೆ ಮಾಡಲಿಲ್ಲ? ಎಂಜಿನಿಯರಿಂಗ್ ಗೊತ್ತಿಲ್ಲದೆ ಅಲ್ಲ. ಗದ್ದೆಗೆ ಹೋದ ನೀರು ಕಂದಾಯವಾಗಿ ಮರಳುತ್ತಿತ್ತು, ಬಿಂದಿಗೆಗೆ ಹೋದ ನೀರು ಮರಳುತ್ತಿರಲಿಲ್ಲ. ಲೆಕ್ಕ ಇಷ್ಟೇ.

ಅದಕ್ಕೆ ವಿಜ್ಞಾನದ ಹೆಸರಿನ ಹಟವೂ ಸೇರಿತ್ತು. 1854ರಲ್ಲೇ ಲಂಡನ್ನಿನ ವೈದ್ಯ ಜಾನ್ ಸ್ನೋ ಬ್ರಾಡ್ ಸ್ಟ್ರೀಟಿನ ಪಂಪಿನ ನೀರಿಗೂ ಕಾಲರಾಕ್ಕೂ ನಂಟು ತೋರಿಸಿದ್ದ. ಗುತ್ತಿಗೆ ಪತ್ರಕ್ಕೆ ಸಹಿ ಬೀಳುವುದಕ್ಕೆ ಎರಡೇ ವರ್ಷ ಮುಂಚೆ, 1884ರಲ್ಲಿ, ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತಕ್ಕೆ ಬಂದು ಕೊಳದ ನೀರಿನಲ್ಲೇ ಕಾಲರಾದ ರೋಗಾಣು ಕಂಡುಹಿಡಿದ. ಆದರೆ ಭಾರತ ಸರ್ಕಾರದ ಆರೋಗ್ಯ ಆಯುಕ್ತನಾಗಿದ್ದ ಜೆ.ಎಂ. ಕನಿಂಗ್‌ಹ್ಯಾಮ್‌ಗೆ ಈ ವಾದ ಒಪ್ಪಿಗೆಯಿರಲಿಲ್ಲ. ಕಾಲರಾ ಗಾಳಿ, ಹವೆ, ಸ್ಥಳದ ಗುಣದಿಂದ ಬರುತ್ತದೆ ಎಂಬ ಪಕ್ಷ ಅವನದು. ನೀರಿನಿಂದ ರೋಗ ಹರಡುತ್ತದೆ ಎಂದು ಒಪ್ಪಿಕೊಂಡ ಮರುಕ್ಷಣ ಊರೂರಿನ ಬಾವಿ ಕಾಪಾಡುವ ಹೊಣೆ ಸರ್ಕಾರದ ತಲೆಗೆ ಬರುತ್ತಿತ್ತು. ಒಪ್ಪದಿದ್ದರೆ ಖರ್ಚೇ ಇಲ್ಲ.

ಹೀಗಾಗಿ ಕುಡಿಯುವ ನೀರು ಪುರಸಭೆಗಳ, ಲೋಕಲ್ ಬೋರ್ಡುಗಳ ಪಾಲಿಗೆ ಬಿತ್ತು. ನೆರೆಯ ದಿಂಡಿಗಲ್ಲಿಗೆ 1866ರಲ್ಲೇ ಪುರಸಭೆ ಬಂದಿತ್ತು, ಪೆರಿಯಕುಳಕ್ಕೆ 1886ರಲ್ಲಿ. ಅವುಗಳ ಕೈಯಲ್ಲಿ ಅಧಿಕಾರವಿತ್ತು, ಜೇಬಿನಲ್ಲಿ ಕಾಸಿರಲಿಲ್ಲ. ತೇವಾರಂನಂಥ ಊರುಗಳಿಗೆ ಉಳಿದದ್ದು ಹಿಂದಿನಿಂದ ಇದ್ದದ್ದೇ: ಊರ ಬಾವಿ, ಮಳೆನೀರು ನಿಲ್ಲುವ ಊರಣಿ, ಬೆಟ್ಟದಿಂದಿಳಿಯುವ ಹಳ್ಳ. ಬಾವಿ ಊರಿಗೆಲ್ಲ ಒಂದೇ ಎಂದು ಕೂಡ ಅಲ್ಲ. ಯಾವ ಜಾತಿಯವರು ಯಾವ ಬಾವಿಗೆ ಕೊಡ ಇಳಿಸಬಹುದು ಎಂಬುದು ನಿಗದಿಯಾಗಿತ್ತು. ಎಷ್ಟೋ ಊರುಗಳಲ್ಲಿ ದಲಿತರು ಮೇಲ್ಜಾತಿಯವರು ಬಂದು ಸುರಿಯುವವರೆಗೆ ಕೊಡ ಹಿಡಿದು ಕಾಯಬೇಕಿತ್ತು. 1927ರಲ್ಲಿ ಅಂಬೇಡ್ಕರ್ ಮಹಾಡಿನ ಚವದಾರ್ ಕೆರೆಯ ನೀರು ಬೊಗಸೆಯಲ್ಲೆತ್ತಿ ಕುಡಿದಾಗ ಎದ್ದ ಪ್ರಶ್ನೆ ಈ ಕಣಿವೆಯದೂ ಹೌದು: ಊರಿನ ನೀರು ಎಂದರೆ ಯಾರ ನೀರು?

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ನಡೆದದ್ದನ್ನು ಪಕ್ಕಕ್ಕಿಟ್ಟು ನೋಡಬೇಕು. ಪೆರಿಯಾರ್ ಅಣೆಕಟ್ಟು ಮುಗಿಯುವ ಹೊತ್ತಿಗೇ, 1894ರಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟಿದ ಕೆರೆಯಿಂದ ಊರಿಗೆ ಕೊಳವೆ ನೀರು ತರುವ ಚಾಮರಾಜೇಂದ್ರ ವಾಟರ್ ವರ್ಕ್ಸ್ ರೂಪುಗೊಂಡಿತು. ಅಲ್ಲಿಯವರೆಗೆ ಧರ್ಮಾಂಬುಧಿ, ಸಂಪಂಗಿ ಕೆರೆಗಳೇ ಊರಿನ ಆಸರೆ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿತು, 1974ರಲ್ಲಿ ಕಾವೇರಿ ಬಂತು. ಬೆಂಗಳೂರು ದಂಡು ಪ್ರದೇಶವಿದ್ದ ಊರು, ಆಡಳಿತದ ರಾಜಧಾನಿ, ತೆರಿಗೆ ಕಟ್ಟುವ ಊರು. ಕೊಳವೆ ನೀರು ಎಲ್ಲಿಗೆ ಮೊದಲು ಹೋಗುತ್ತದೆ ಎಂಬುದಕ್ಕೆ ಇದೇ ಉತ್ತರ. ಮೈಸೂರು ಸೀಮೆಯ ಹಳ್ಳಿಗಳೂ ತೇವಾರಂನಷ್ಟೇ ಕಾಯಬೇಕಾಯಿತು.

ಬೋರಿಂಗ್ ಬಂದ ಕಾಲ

ಸ್ವಾತಂತ್ರ್ಯದ ಮೇಲೆ ಮುಖ್ಯಮಂತ್ರಿ ಕಾಮರಾಜರ ಕಾಲದಲ್ಲಿ ಆಂಡಿಪಟ್ಟಿ ಬಳಿ ವೈಗೈಗೆ ಅಣೆಕಟ್ಟು ಕಟ್ಟಿದರು; 1959ರ ಜನವರಿಯಲ್ಲಿ ಅದು ಉದ್ಘಾಟನೆಯಾಯಿತು. ಪೆರಿಯಾರ್ ನೀರನ್ನು ಹಿಡಿದಿಡಲು ಒಂದು ಜಾಗ ಸಿಕ್ಕಿತು, ಮದುರೆ ನಗರದ ಕುಡಿಯುವ ನೀರಿಗೂ ಅದು ಆಧಾರವಾಯಿತು. 1950ರ ದಶಕದ ಕೊನೆಗೆ ಲೋವರ್ ಕ್ಯಾಂಪಿನಲ್ಲಿ ಸುರಂಗದ ನೀರು ವಿದ್ಯುತ್ ಯಂತ್ರಗಳನ್ನು ತಿರುಗಿಸತೊಡಗಿತು. ಗದ್ದೆ, ನಗರ, ಕರೆಂಟು ಆದ ಮೇಲೆ ಹಳ್ಳಿಯ ಬಾಯಾರಿಕೆಯ ಸರದಿ.

ಹಳ್ಳಿಗೆ ನೀರು ಕೊಟ್ಟದ್ದು ಮೊದಲಿಗೆ ನದಿಯಲ್ಲ, ನೆಲದಡಿಯ ಬಂಡೆ. 1966-67ರ ಬಿಹಾರ ಬರದಲ್ಲಿ ಯುನಿಸೆಫ್ ತರಿಸಿದ ಕೊರೆಯುವ ಯಂತ್ರಗಳು ಗಟ್ಟಿ ಬಂಡೆಯಲ್ಲೂ ಬೇಗ ಬಾವಿ ತೋಡಬಲ್ಲವು ಎಂದು ಗೊತ್ತಾಯಿತು. ದಕ್ಷಿಣ ಭಾರತದ ಬಹುಪಾಲು ನೆಲ ಇಂಥದೇ. ಬೋರು ಕೊರೆಯುವುದು ಸಲೀಸಾಯಿತು, ಆದರೆ ಮೇಲೆ ಕೂರಿಸಿದ ಬೀಡಿನ ಪಂಪುಗಳು ಉಳಿಯಲಿಲ್ಲ. ಅವನ್ನು ರೂಪಿಸಿದ್ದು ಒಂದು ಮನೆಯ ಬಳಕೆಗೆ. ಹಳ್ಳಿಯಲ್ಲಿ ನೂರಾರು ಜನ ಬೆಳಗಿನಿಂದ ಸಂಜೆವರೆಗೆ ಹೊಡೆದರೆ ಹಿಡಿ ಮುರಿಯುತ್ತಿತ್ತು, ಅಚ್ಚು ಸವೆಯುತ್ತಿತ್ತು. ಕೊರೆದ ಬಾವಿಗಳು ಮುರಿದ ಪಂಪಿನ ಕೆಳಗೆ ನೀರಿಟ್ಟುಕೊಂಡು ಸುಮ್ಮನೆ ಬಿದ್ದಿದ್ದವು.

ಇದಕ್ಕೆ ಪರಿಹಾರ ಸಿದ್ಧವಾದದ್ದು ನಮ್ಮ ಸೀಮೆಯಲ್ಲೇ. ಮಹಾರಾಷ್ಟ್ರದಲ್ಲಿ ರೂಪುಗೊಂಡ ಸೋಲಾಪುರ ಪಂಪನ್ನು ತಳಹದಿಯಾಗಿಟ್ಟುಕೊಂಡು ಯುನಿಸೆಫ್, ಮದ್ರಾಸಿನ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ, ರಿಚರ್ಡ್‌ಸನ್ ಆಂಡ್ ಕ್ರುಡ್ಡಾಸ್ ಕಾರ್ಖಾನೆ ಸೇರಿ ಹೊಸ ಪಂಪು ಮಾಡಿದವು; ಕೊಯಮತ್ತೂರು ಸೀಮೆಯ ಹಳ್ಳಿಗಳಲ್ಲಿ ಅದನ್ನು ಹಾಕಿ ಪರೀಕ್ಷಿಸಿದರು. 1970ರ ದಶಕದ ಕೊನೆಗೆ ಬಂದ ಈ ಇಂಡಿಯಾ ಮಾರ್ಕ್ 2ನ್ನೇ ಕನ್ನಡದ ಹಳ್ಳಿಗಳು ‘ಬೋರಿಂಗ್’ ಎಂದು ಕರೆದವು. ಉಕ್ಕಿನ ಕಂಬ, ಒಳಗೆ ಸರಪಳಿಗೆ ತೂಗುಬಿಟ್ಟ ಸಲಾಕೆ, ಉದ್ದನೆಯ ಗಟ್ಟಿ ಹಿಡಿ. ಕಂಬದ ಬುಡ ಕಾಂಕ್ರೀಟಿನಲ್ಲಿ ಹೂತಿರುತ್ತದೆ, ಸುತ್ತ ಕಟ್ಟೆ, ಕಟ್ಟೆಯಿಂದ ಹೊರಕ್ಕೆ ಚರಂಡಿ. ಶುದ್ಧ ನೀರಿನ ಗುಟ್ಟಿರುವುದು ಹಿಡಿಯಲ್ಲಲ್ಲ, ಈ ಬುಡದಲ್ಲಿ: ಪಾತ್ರೆ ತೊಳೆದ ನೀರು, ದನದ ಗಂಜಲ ಬಾವಿಗೆ ಮರಳಿ ಇಳಿಯದಂತೆ ತಡೆಯುವುದು ಅದೇ. ಸುಮಾರು 250 ಜನರಿಗೆ ಒಂದು ಪಂಪು ಎಂಬುದು ಸರ್ಕಾರದ ಲೆಕ್ಕ. ಅದಕ್ಕೂ ದೋಷವಿತ್ತು. ಹುಳಿಗುಣದ ನೀರಿರುವಲ್ಲಿ ಜಿಐ ಪೈಪು ತುಕ್ಕು ಹಿಡಿದು ಕೆಂಪು ನೀರು ಬರುತ್ತಿತ್ತು, ಅನ್ನ ಬಣ್ಣಗೆಡುತ್ತಿತ್ತು, ಹೆಂಗಸರು ಮತ್ತೆ ತೆರೆದ ಬಾವಿಗೇ ಹೋಗುತ್ತಿದ್ದರು.

ಇದರ ದೊಡ್ಡ ಫಲ ಒಂದು ರೋಗದ ಅಂತ್ಯ. ನಾರುಹುಣ್ಣು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದ ಕಾಟ. ಮೆಟ್ಟಿಲು ಬಾವಿಗಿಳಿದು ಕೊಡ ತುಂಬುವವರ ಕಾಲಿನ ಹುಣ್ಣಿನಿಂದ ಹುಳುವಿನ ಮರಿ ನೀರಿಗೆ ಬಿದ್ದು, ಆ ನೀರು ಕುಡಿದವರ ಮೈಯಲ್ಲಿ ಮೊಳದುದ್ದದ ಹುಳುವಾಗಿ ಬೆಳೆದು ಕಾಲಿನಿಂದಲೇ ಹೊರಬರುತ್ತಿತ್ತು. ಔಷಧವಿಲ್ಲ, ಲಸಿಕೆಯಿಲ್ಲ, ನೀರಿಗೆ ಕಾಲಿಡದಂತೆ ಮಾಡುವುದು, ಸೋಸಿ ಕುಡಿಯುವುದೇ ದಾರಿ. ತಮಿಳುನಾಡು 1980ರ ದಶಕದ ಆರಂಭದಲ್ಲೇ ಇದರಿಂದ ಪಾರಾಯಿತು. ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿ ಇನ್ನಷ್ಟು ಕಾಲ ಉಳಿಯಿತು. ದೇಶದ ಕಡೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತ ಎಂದು ಸಾರಿತು.

1971ರಲ್ಲಿ ತಮಿಳುನಾಡು ನೀರು ಸರಬರಾಜು ಮತ್ತು ಒಳಚರಂಡಿಗೆ ಪ್ರತ್ಯೇಕ ಮಂಡಳಿ ಮಾಡಿತು. ಒಂದೊಂದು ಊರಿಗೆ ಒಂದೊಂದು ಬೋರು ಎಂಬುದನ್ನು ಬಿಟ್ಟು, ನದಿಯಿಂದ ನೀರೆತ್ತಿ ಹಲವು ಪಟ್ಟಣ, ನೂರಾರು ಹಳ್ಳಿಗಳಿಗೆ ಒಟ್ಟಿಗೆ ಹಂಚುವ ಕೂಟು ಯೋಜನೆಗಳು ಬೆಳೆದವು. ನಮ್ಮಲ್ಲಿ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಎನ್ನುವುದು ಇದನ್ನೇ. ಗೂಡಲೂರು, ಕಂಬಂ ಮೊದಲಾದ ಊರುಗಳಿಗೆ ಲೋವರ್ ಕ್ಯಾಂಪಿನಿಂದಲೇ ಪೆರಿಯಾರ್ ನೀರು ಪೈಪಿನಲ್ಲಿ ಬಂತು. ತೇವಾರಂ ಕಡೆಗೆ ‘ಹದಿನೆಂಟನೇ ಕಾಲುವೆ’ ಎಂದೇ ಹೆಸರಾದ ಕಾಲುವೆ ಬಂದು ಬೋಡಿಯವರೆಗಿನ 40ಕ್ಕೂ ಹೆಚ್ಚು ಕೆರೆಗಳಿಗೆ ಆಸರೆಯಾಯಿತು. ನೀರಾವರಿಗೆಂದು ಮಾಡಿದ ಕಾಲುವೆಯಾದರೂ ಕೆರೆ ತುಂಬಿದ ವರ್ಷ ಊರ ಬಾವಿಗಳಲ್ಲಿ ಒರತೆ ಏರುತ್ತದೆ.

ದಿಂಡಿಗಲ್ಲಿನ ಬಾವಿಗಳು

ಇಷ್ಟು ಓದಿದವರಿಗೆ, ತಡವಾದರೂ ಸರಿಹೋಯಿತಲ್ಲ ಅನ್ನಿಸಬಹುದು. ದಿಂಡಿಗಲ್ಲಿನ ಕಥೆ ಹಾಗೆ ಅನ್ನಲು ಬಿಡುವುದಿಲ್ಲ. ಅಲ್ಲಿ ನೀರಿತ್ತು, ಬಾವಿಯಿತ್ತು; ಕಣ್ಣೆದುರೇ ಅದು ಕುಡಿಯಲಾಗದ ನೀರಾಯಿತು.

ದಿಂಡಿಗಲ್ಲು ಹಳೆಯ ಕಾಲದಿಂದ ಚರ್ಮ ಹದ ಮಾಡುವ ಊರು. ಮೊದಲು ಆವರಿಕೆ ತೊಗಟೆಯಂಥ ಗಿಡಮರದ ವಸ್ತುಗಳಲ್ಲಿ ಹದ ಮಾಡುತ್ತಿದ್ದರು. ರಫ್ತಿನ ಬೇಡಿಕೆ ಹೆಚ್ಚಿದಂತೆ ಕ್ರೋಮಿಯಂ ಲವಣದ ಹದ ಬಂತು. ಕೆಲಸ ಬೇಗ, ಚರ್ಮ ಮೃದು, ಲಾಭ ಜಾಸ್ತಿ. ಈ ವಿಧಾನದಲ್ಲಿ ಸುಮಾರು 170 ಬಗೆಯ ರಾಸಾಯನಿಕ ಬಳಸುತ್ತಾರೆ, ಒಂದು ಕಿಲೋ ಚರ್ಮಕ್ಕೆ ಹತ್ತಿರ ಹತ್ತಿರ 35 ಲೀಟರ್ ನೀರು ಬೇಕು ಎಂಬ ಅಂಕಿ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಇದೆ. ಉಪ್ಪು, ಸುಣ್ಣ, ಕ್ರೋಮಿಯಂ ಕೂಡಿದ ಈ ನೀರನ್ನು ಬಯಲಿಗೆ, ಹಳ್ಳಕ್ಕೆ, ಕೆರೆಗೆ ಬಿಟ್ಟರು. ಅದು ನೆಲದಡಿಗೆ ಇಳಿದು ಬಾವಿಗಳಿಗೆ ಬಂತು. ದಿಂಡಿಗಲ್ ಮತ್ತು ರೆಡ್ಡಿಯಾರ್‌ಚತ್ರಂ ಪಂಚಾಯಿತಿ ಒಕ್ಕೂಟಗಳ 13 ಹಳ್ಳಿಗಳಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ಮಾಡಿದ ಸಮೀಕ್ಷೆ ಕೋರ್ಟಿನ ಮುಂದೆ ಬಂತು: ಕುಡಿಯಲೂ ಬೇಸಾಯಕ್ಕೂ ಬಳಸುತ್ತಿದ್ದ 467 ಬಾವಿಗಳಲ್ಲಿ 350 ಕೆಟ್ಟಿದ್ದವು. ಹೆಂಗಸರು, ಮಕ್ಕಳು ಕುಡಿಯುವ ನೀರಿಗಾಗಿ ಮೈಲಿಗಟ್ಟಲೆ ನಡೆಯುತ್ತಿದ್ದರು.

ಈ ಮೊಕದ್ದಮೆ ಹೂಡಿದ್ದು 1991ರಲ್ಲಿ, ವೆಲ್ಲೂರಿನ ನಾಗರಿಕರ ವೇದಿಕೆ. ಪಾಲಾರ್ ದಂಡೆಯ ಆಂಬೂರು, ವಾಣಿಯಂಬಾಡಿ ಕಡೆಯ ಟ್ಯಾನರಿಗಳ ವಿರುದ್ಧ ಶುರುವಾದದ್ದು ದಿಂಡಿಗಲ್, ಈರೋಡ್, ತಿರುಚಿಗಳನ್ನೂ ಒಳಗೊಂಡಿತು. 1996ರ ಆಗಸ್ಟ್ 28ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ತೀರ್ಪು ಕೊಟ್ಟಿತು. ಪರಿಸರ ಕೆಡಿಸಿದವರೇ ಅದರ ನಷ್ಟ ತುಂಬಬೇಕು. ಹಾನಿ ಆಗಬಹುದೆಂಬ ಅನುಮಾನವಿದ್ದರೆ ಮೊದಲೇ ತಡೆಯಬೇಕು, ತನ್ನಿಂದ ಹಾನಿಯಿಲ್ಲ ಎಂದು ರುಜು ಮಾಡುವ ಹೊಣೆ ಉದ್ಯಮದ್ದು. ಈ ಎರಡೂ ತತ್ವ ನಮ್ಮ ದೇಶದ ಕಾನೂನಿನ ಭಾಗ ಎಂದು ಕೋರ್ಟು ಸಾರಿತು. ಪ್ರತಿ ಟ್ಯಾನರಿಗೆ 10,000 ರೂಪಾಯಿ ದಂಡ ಹಾಕಿತು, ನಷ್ಟ ಅಳೆಯಲು ಪ್ರಾಧಿಕಾರ ನೇಮಿಸಲು ಹೇಳಿತು, ಮದ್ರಾಸ್ ಹೈಕೋರ್ಟಿನಲ್ಲಿ ಹಸಿರು ಪೀಠ ರಚಿಸಲು ಸೂಚಿಸಿತು. ಇವತ್ತು ಬೆಳ್ಳಂದೂರು ಕೆರೆಯ ವಿಷಯವೇ ಇರಲಿ, ಯಾವ ಕಾರ್ಖಾನೆಯ ವಿಷಯವೇ ಇರಲಿ, ವಕೀಲರು ಎತ್ತಿ ಹೇಳುವ ತತ್ವಗಳ ಹಿಂದೆ ದಿಂಡಿಗಲ್ಲಿನ ಆ 350 ಬಾವಿಗಳೂ ಇವೆ.

ತೀರ್ಪು ಬಂದ ಮಾತ್ರಕ್ಕೆ ಬಾವಿ ತಿಳಿಯಾಗುವುದಿಲ್ಲ. ಸಂಸ್ಕರಣಾ ಘಟಕದಲ್ಲಿ ಕ್ರೋಮಿಯಂ ಇಳಿಸಬಹುದು. ನೀರಿನಲ್ಲಿ ಕರಗಿದ ಉಪ್ಪು ಸಾಮಾನ್ಯ ಸಂಸ್ಕರಣೆಗೆ ಜಗ್ಗುವುದಿಲ್ಲ. ನೆಲದಡಿಯ ನೀರು ನಿಧಾನಕ್ಕೆ ಚಲಿಸುತ್ತದೆ, ಅದಕ್ಕೆ ಹತ್ತಿದ ವಿಷವೂ ನಿಧಾನಕ್ಕೇ ಬಿಡುತ್ತದೆ. ಊರು ದೂರದಿಂದ ನೀರು ತರಿಸಿಕೊಂಡಿತು, ಆತ್ತೂರಿನ ಕಾಮರಾಜರ್ ಜಲಾಶಯದಿಂದ, ಕಾವೇರಿಯಿಂದ. ಕಾಲಡಿಯ ನೀರು ಕೆಡಿಸಿಕೊಂಡವರು ಕಂಡವರ ನದಿಯ ಕಡೆ ನೋಡಬೇಕಾಯಿತು.

ಈಗಿನ ಲೆಕ್ಕ

ಕಂಬಂ ಕಣಿವೆ ನಂಬಿದ ಪೆರಿಯಾರ್ ಕೂಡ ‘ಕಂಡವರ ನದಿ’ಯೇ; ಅದೂ ಸಲೀಸಲ್ಲ. 1979ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟೆಯ ಭದ್ರತೆಯ ಬಗ್ಗೆ ಕೇರಳದಲ್ಲಿ ಆತಂಕ ಎದ್ದು, ನೀರಿನ ಮಟ್ಟವನ್ನು 136 ಅಡಿಗೆ ಇಳಿಸಿದರು. ಈ ಜಗಳ ಬೆಳೆದು 2011ರ ಡಿಸೆಂಬರಿನಲ್ಲಿ ಕಂಬಂ ಕಣಿವೆಯ ಸಾವಿರಾರು ಜನ ಗಡಿಯ ಕುಮಿಳಿ ಕಡೆಗೆ ನುಗ್ಗಿ ಬಂದರು. 2014ರ ಮೇ 7ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 142 ಅಡಿಗೆ ಒಪ್ಪಿತು. ಕೆಳಗಿರುವ ಕೇರಳದವರಿಗೆ ಜೀವಭಯ, ಈಚೆಯ ಐದು ಜಿಲ್ಲೆಗಳಿಗೆ ಜೀವನದ ಪ್ರಶ್ನೆ. ಯಾರ ಭಯವೂ ಸುಳ್ಳಲ್ಲ.

2020ರ ಡಿಸೆಂಬರಿನಲ್ಲಿ ಹೊಸ ಜಗಳ ಬಂತು, ಈ ಸಲ ಮನೆಯೊಳಗೇ. ಲೋವರ್ ಕ್ಯಾಂಪಿನಿಂದ ಮದುರೆಗೆ ನೇರ ಪೈಪು ಹಾಕಿ ದಿನಕ್ಕೆ 125 ದಶಲಕ್ಷ ಲೀಟರ್ ಕುಡಿಯುವ ನೀರು ಒಯ್ಯುವ, ಸುಮಾರು 1,296 ಕೋಟಿ ರೂಪಾಯಿಯ ಯೋಜನೆಗೆ ಶಂಕುಸ್ಥಾಪನೆಯಾಯಿತು. ಕಂಬಂ ಕಣಿವೆಯ ರೈತರು ವಿರೋಧಿಸಿದರು. ಮದುರೆಗೆ ನೀರು ಬೇಡವೆಂದಲ್ಲ ಅವರ ವಾದ. ಹೊಳೆಯಲ್ಲಿ ಹರಿದು ನಮ್ಮ ಗದ್ದೆ, ನಮ್ಮ ಬಾವಿ ದಾಟಿ ವೈಗೈ ಅಣೆಕಟ್ಟು ಸೇರಿದ ಮೇಲೆ ಎತ್ತಿಕೊಳ್ಳಿ ಎಂಬುದು. ಮದುರೆಯವರ ಉತ್ತರವೂ ಸಸಾರವಲ್ಲ: ಊರುಗಳ ಚರಂಡಿ, ದ್ರಾಕ್ಷಿ ತೋಟದ ಔಷಧ ಸೇರಿದ ನೀರಿಗಿಂತ ಬೆಟ್ಟದಿಂದ ಈಗಷ್ಟೇ ಇಳಿದ ನೀರು ಶುದ್ಧ. 1895ರಲ್ಲಿ ಗದ್ದೆ ಮೊದಲು, ಬಿಂದಿಗೆ ಆಮೇಲೆ. ಈಗ ನಗರದ ಬಿಂದಿಗೆ ಮೊದಲು ಎನ್ನುವಾಗ ಹಳ್ಳಿಯ ಗದ್ದೆಯೂ ಬಿಂದಿಗೆಯೂ ಒಟ್ಟಿಗೆ ಹಿಂದೆ ಸರಿಯುವ ಅಪಾಯವಿದೆ. ಹೊಳೆಗೆ ಚರಂಡಿ ಬಿಡುವುದನ್ನು ನಿಲ್ಲಿಸಿದರೆ ಎರಡೂ ಕಡೆಯವರಿಗೆ ಜಗಳವಾಡಲು ಕಾರಣ ಅರ್ಧ ಕಡಿಮೆಯಾಗುತ್ತದೆ.

ಈ ಕಣಿವೆ ಎರಡು ಶತಮಾನದಲ್ಲಿ ಕಲಿಸಿದ್ದು ಇದು: ನೀರು ತರುವುದು ಒಂದು ಕೆಲಸ, ಅದನ್ನು ಕುಡಿಯಲು ಯೋಗ್ಯವಾಗಿ ಉಳಿಸಿಕೊಳ್ಳುವುದು ಮುಗಿಯದ ಕೆಲಸ. ಮೊದಲನೆಯದಕ್ಕೆ ಒಬ್ಬ ಪೆನ್ನಿಕ್ವಿಕ್ ಸಾಕು, ಅವನಿಗೆ ಸ್ಮಾರಕವೂ ಸಿಗುತ್ತದೆ. ಎರಡನೆಯದು ಟ್ಯಾಂಕ್ ತೊಳೆಯುವ ನೀರುಗಂಟಿಯದು, ಬ್ಲೀಚಿಂಗ್ ಪುಡಿ ಅಳೆದು ಹಾಕುವವರದು, ದೂರು ಕೊಡುವ ಹೆಂಗಸರದು. ಅವರಿಗೆ ಸ್ಮಾರಕವಿಲ್ಲ, ಎಷ್ಟೋ ಕಡೆ ಸಂಬಳವೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಹಳ್ಳಿಯ ಪ್ರತಿ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಎಂದು ಹೇಳಿತು. ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಎಂಬುದೂ ಅದರಲ್ಲೇ ಇದೆ. ಪರೀಕ್ಷೆ ಕಷ್ಟದ್ದಲ್ಲ: ಕೊಳವೆಯಲ್ಲಿ ನಲ್ಲಿ ನೀರು ಹಿಡಿದು ದ್ರಾವಣದ ಕೆಲವು ಹನಿ ಹಾಕಿದರೆ ಬಣ್ಣ ತಿರುಗುತ್ತದೆ, ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಗೊತ್ತಾಗುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯವರು ಫ್ಲೋರೈಡನ್ನೂ ನೋಡಿಸಬೇಕು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಮಕ್ಕಳ ಹಲ್ಲು, ದೊಡ್ಡವರ ಮೂಳೆ ಕೆಡಿಸುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ: ನಮ್ಮೂರ ಟ್ಯಾಂಕನ್ನು ಕಡೆಯ ಸಲ ತೊಳೆದದ್ದು ಯಾವತ್ತು? ನಮ್ಮ ನೀರಿನ ಪರೀಕ್ಷೆಯ ವರದಿ ಎಲ್ಲಿ?